ದಿನವೂ ಜೇಬಲ್ಲಿಡುವ ಮಲ್ಟಿಟೂಲ್ ಚಾಕು ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಲ್ಟಿಟೂಲ್ ಚಾಕು (ಅಲಗು, ಕತ್ತರಿ, ಸ್ಕ್ರೂಡ್ರೈವರ್‌ನಂಥ ಹಲವು ಉಪಕರಣ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವಂಥದ್ದು) ಕೊಂಡವರಿಂದ ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಒಳ್ಳೆಯದೇ ತಗೊಂಡೆ, ಈಗ ಡ್ರಾಯರ್‌ನಲ್ಲಿ ಬಿದ್ದಿದೆ." ಚಾಕುವಿನಲ್ಲಿ ದೋಷ ಇರುವುದು ಕಡಿಮೆ. ಆರಿಸಿದ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಎಷ್ಟು ಉಪಕರಣ ಇದೆ ಅಂತ ಎಣಿಸುತ್ತಾರೆ, ಆಮೇಲೆ ಬೆಲೆ ನೋಡುತ್ತಾರೆ. ಪ್ಯಾಂಟು ಜಗ್ಗತೊಡಗಿದಾಗ ತೂಕ ಗೊತ್ತಾಗುತ್ತದೆ. ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗು ಪಕ್ಕಕ್ಕೆ ತೆಗೆದಿಟ್ಟಾಗ ಉಳಿದದ್ದು ಗೊತ್ತಾಗುತ್ತದೆ.

ಸರಿಯಾದ ಕ್ರಮ ಹೀಗೆ: ಮೊದಲು ಕೆಲಸ, ಆಮೇಲೆ ನೀವು ಓಡಾಡುವ ಜಾಗ, ಆಮೇಲೆ ತೂಕ. ಉಪಕರಣಗಳ ಪಟ್ಟಿ ಇದಾದ ಮೇಲೆ. ಬ್ರ್ಯಾಂಡು, ಬಣ್ಣ, ಬೆಲೆ ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಿದರೆ ಮತ್ತೆ ಡ್ರಾಯರ್ ಸೇರುವ ಚಾಕುವನ್ನೇ ತರುತ್ತೀರಿ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಒಂದು ಸಣ್ಣ ಚೀಟಿ, ಪೆನ್ನು. 100 ಅಥವಾ 125 ಗ್ರಾಂ ತೂಕದ ಎರಡು ಸೋಪು (ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ). ಅಂಗಡಿಗೆ ಹೋಗುವಾಗ ತೊಳೆದು ಒಣಗಿಸಿದ ಖಾಲಿ ಹಾಲಿನ ಪ್ಯಾಕೆಟ್ಟು, ಒಂದು ಹಾಳೆ, ಒಂದು ಸ್ಟಾರ್ ಸ್ಕ್ರೂ. ಇಷ್ಟು ಸಾಕು.

## ಹಂತ 1: ಒಂದು ವಾರ ಚೀಟಿ ಬರೆಯಿರಿ

ಕೀಲಿಕೈಯಿಂದ ಟೇಪು ಹರಿದಾಗ, ಹಲ್ಲಿನಿಂದ ದಾರ ಕಚ್ಚಿದಾಗ, ಉಗುರಿನಿಂದ ಸ್ಕ್ರೂ ತಿರುಗಿಸಲು ಹೋದಾಗ ಚೀಟಿಯಲ್ಲಿ ಒಂದು ಸಾಲು ಬರೆಯಿರಿ. ನಿಮಗೆ ಬೇಕಾದ ಚಾಕು ಆ ಸಾಲುಗಳಲ್ಲೇ ಇದೆ.

ಊರಲ್ಲಿರುವವರ ಚೀಟಿಯಲ್ಲಿ ಹೆಚ್ಚಾಗಿ ಬರುವುದು ಕೊರಿಯರ್ ಡಬ್ಬಿ, ಶಾಂಪೂ ಸ್ಯಾಷೆ, ಅಂಗಿಯ ದಾರ, ಕನ್ನಡಕದ ಸಡಿಲ ಸ್ಕ್ರೂ, ಆಟಿಕೆಯ ಬ್ಯಾಟರಿ ಮುಚ್ಚಳ, ಮಧ್ಯಾಹ್ನದ ಸೀಬೆಹಣ್ಣು. ತೋಟ ಇರುವವರದು ಬೇರೆ: ಡ್ರಿಪ್ ಪೈಪು, ಗೋಣಿಚೀಲದ ಹುರಿ, ಬಾಳೆ ಎಲೆ, ಕಾಲಿಗೆ ಚುಚ್ಚಿದ ಮುಳ್ಳು. ರಿಪೇರಿ ಕೆಲಸದವರ ಚೀಟಿಯಲ್ಲಿ ವೈರು, ನಟ್ಟು, ಕ್ಲಿಪ್ಪು ಜಾಸ್ತಿ.

ಸಾಮಾನ್ಯ ತಪ್ಪು: "ಮುಂದೆ ಬೇಕಾಗಬಹುದು" ಅನ್ನುವುದನ್ನೂ ಬರೆಯುವುದು. ಮುಂದಿನ ವರ್ಷದ ಕುಮಾರಪರ್ವತ ಚಾರಣಕ್ಕೆ ಗರಗಸ ಬೇಕು ಅಂತ ದಿನವೂ ಗರಗಸ ಹೊರುವುದು ಬೇಡ. ವಾರದಲ್ಲಿ ನಿಜವಾಗಿ ನಡೆದದ್ದು ಮಾತ್ರ ಚೀಟಿಯಲ್ಲಿರಲಿ.

## ಹಂತ 2: ಎಲ್ಲೆಲ್ಲಿ ಹಾದುಹೋಗುತ್ತೀರಿ ನೋಡಿ

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ತೊಂದರೆ ಬರುವುದೂ ಇಲ್ಲೇ.

ಕಾನೂನಿನ ವಿಷಯ ಮೊದಲು. ಆರ್ಮ್ಸ್ ರೂಲ್ಸ್ 2016ರ ಪಟ್ಟಿಯಲ್ಲಿ ಆಯುಧವಾಗಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಕತ್ತಿ, ಚೂರಿಯಂಥವು. ಮನೆ ಕೆಲಸಕ್ಕೆ, ಕೃಷಿಗೆ, ಉದ್ಯಮಕ್ಕೆ ಅಂತ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಜೇಬಿನ ಮಲ್ಟಿಟೂಲ್ ಅಲಗು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಇಷ್ಟಕ್ಕೇ ನಿರಾಳರಾಗಬೇಡಿ. ಚುನಾವಣೆ, ಗಲಭೆ, ದೊಡ್ಡ ಮೆರವಣಿಗೆಯ ದಿನಗಳಲ್ಲಿ ನಿಷೇಧಾಜ್ಞೆ ಹಾಕುತ್ತಾರೆ. ಹಿಂದೆ 144ನೇ ಸೆಕ್ಷನ್ ಅನ್ನುತ್ತಿದ್ದದ್ದು 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಆ ಆದೇಶದಲ್ಲಿ ಹರಿತವಾದ ವಸ್ತು ಒಯ್ಯಬಾರದು ಅಂತಲೂ ಇರಬಹುದು. ಅಂಥ ದಿನ ಚಾಕು ಮನೆಯಲ್ಲೇ ಇರಲಿ.

ವಿಮಾನದ ಕ್ಯಾಬಿನ್‌ಗೆ ಅಲಗಿರುವ ಯಾವ ಮಲ್ಟಿಟೂಲನ್ನೂ ಒಯ್ಯಬೇಡಿ. ಚೆಕ್-ಇನ್ ಸಾಮಾನಿನಲ್ಲಿ ಹಾಕಿ. ಬರೀ ಕೈಚೀಲದ ಪ್ರಯಾಣವಾದರೆ ಹಿಂದಿನ ರಾತ್ರಿಯೇ ಕೀ-ಚೈನ್ ಬಿಚ್ಚಿ ನೋಡಿ. ಕೀಲಿಗೊಂಚಲಿನಲ್ಲಿ ಮರೆತುಬಿಟ್ಟ ಪುಟಾಣಿ ಚಾಕುಗಳೇ ಸೆಕ್ಯೂರಿಟಿಯಲ್ಲಿ ಸಿಕ್ಕಿಬೀಳುವುದು. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಜೆಟ್‌ಸೆಟರ್‌ನಂಥ ಅಲಗಿಲ್ಲದ ಮಾದರಿಗಳೂ ಇವೆ. ಅವುಗಳಲ್ಲೂ ಕತ್ತರಿ ಇರುವುದರಿಂದ ಸೆಕ್ಯೂರಿಟಿಯವರು ಬೇಡ ಅಂದರೆ ಬೇಡ, ಅಷ್ಟೇ.

ಮೆಟ್ರೋ, ಮಾಲು, ಕೋರ್ಟು, ಕೆಲವು ಐಟಿ ಕ್ಯಾಂಪಸ್ಸು, ತಪಾಸಣೆ ಇರುವ ದೇವಸ್ಥಾನ. ಇವುಗಳಲ್ಲಿ ಯಾವುದಾದರೂ ನಿಮ್ಮ ದಿನದ ದಾರಿಯಲ್ಲಿದ್ದರೆ ಚೀಟಿಯಲ್ಲಿ ಬರೆಯಿರಿ. ದಿನಾ ಸ್ಕ್ಯಾನರ್ ದಾಟುವವರು ಅತಿ ಸಣ್ಣ ಗಾತ್ರಕ್ಕೆ ಇಳಿಯಬೇಕು. ಅದನ್ನೂ ತಡೆಯುತ್ತಾರೆ ಅಂತಾದರೆ ಚಾಕುವಿನ ಜಾಗ ಸ್ಕೂಟರ್ ಡಿಕ್ಕಿ. ಶಾಲೆ, ಕಾಲೇಜಿನ ಹುಡುಗರು ತರಗತಿಗೆ ಒಯ್ಯಲೇಬಾರದು.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಕಾರಣ ಹೇಳದೆ ಜೇಬಲ್ಲಿಡಬಹುದಾದದ್ದು ಮಡಚುವ, ಲಾಕ್ ಇಲ್ಲದ, ಹರಿತದ ಅಂಚು 3 ಇಂಚು ಮೀರದ ಚಾಕು ಮಾತ್ರ. ಊರಿಂದ ಹೋಗುವಾಗ ಲಾಕ್ ಇರುವ ದೊಡ್ಡ ಮಲ್ಟಿಟೂಲ್ ಕಾಣಿಕೆ ಒಯ್ಯುವ ಮೊದಲು ಇದನ್ನು ನೆನಪಿಡಿ.

## ಹಂತ 3: ಸೋಪು ಜೇಬಲ್ಲಿಟ್ಟು ತೂಕ ತಿಳಿಯಿರಿ

ವೆಬ್‌ಸೈಟಿನಲ್ಲಿ "97 ಗ್ರಾಂ" ಅಂತ ಓದಿದರೆ ಏನೂ ಗೊತ್ತಾಗುವುದಿಲ್ಲ. ಅದೇ ತೂಕದ ಸೋಪನ್ನು ಪ್ಯಾಕೆಟ್ ಸಮೇತ ದಿನಾ ಹಾಕುವ ಪ್ಯಾಂಟಿನ ಜೇಬಿನಲ್ಲಿಟ್ಟು ಎರಡು ದಿನ ಓಡಾಡಿ. ಬೈಕ್ ಹತ್ತಿ, ನೆಲದ ಮೇಲೆ ಕೂತು ಊಟ ಮಾಡಿ, ಬಸ್ಸಿನ ಮೆಟ್ಟಿಲು ಹತ್ತಿ. ತೊಡೆಗೆ ಬಡಿಯುತ್ತಿದೆ, ಕೂತಾಗ ಒತ್ತುತ್ತಿದೆ ಅನ್ನಿಸಿದರೆ ಅದು ನಿಮ್ಮ ಮಿತಿ. ಎರಡು ಸೋಪು ಒಟ್ಟಿಗೆ ಇಟ್ಟರೆ ಇಕ್ಕಳ ಇರುವ ದೊಡ್ಡ ಮಲ್ಟಿಟೂಲಿನ ತೂಕಕ್ಕೆ ಹತ್ತಿರ ಬರುತ್ತದೆ.

ಅಂದಾಜಿಗೆ ಕೆಲವು ಅಂಕಿ. ವಿಕ್ಟೋರಿನಾಕ್ಸ್‌ನಲ್ಲಿ (ಉದ್ದವೆಲ್ಲ ಮಡಚಿದಾಗಿನದು) 58 ಮಿ.ಮೀ. ಉದ್ದದ ಕ್ಲಾಸಿಕ್ ಎಸ್‌ಡಿ 21 ಗ್ರಾಂ ಆಸುಪಾಸು. 91 ಮಿ.ಮೀ. ಸಾಲಿನಲ್ಲಿ ಸ್ಪಾರ್ಟನ್ ಸುಮಾರು 60 ಗ್ರಾಂ, ಕತ್ತರಿ ಸೇರಿದ ಕ್ಲೈಂಬರ್ ಸುಮಾರು 82, ಗರಗಸವೂ ಸೇರಿದ ಹಂಟ್ಸ್‌ಮನ್ 97, ಎಲ್ಲವನ್ನೂ ತುಂಬಿದ ಸ್ವಿಸ್‌ಚಾಂಪ್ 185. ಇಕ್ಕಳದ ಮಲ್ಟಿಟೂಲ್‌ಗೆ ಹೆಸರಾದ ಲೆದರ್‌ಮನ್ ಕಂಪನಿಯಲ್ಲಿ ಸ್ಕೆಲಿಟೂಲ್ 142 ಗ್ರಾಂ, ವೇವ್ ಪ್ಲಸ್ ಸುಮಾರು 240.

ಬಟ್ಟೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಜೀನ್ಸ್ ಜೇಬು 100 ಗ್ರಾಂ ತಡೆಯುತ್ತದೆ, ತೆಳು ಫಾರ್ಮಲ್ ಪ್ಯಾಂಟು 60ಕ್ಕೇ ಜೋಲುತ್ತದೆ. ಅಂಗಿಯ ಜೇಬು ಬೇಡವೇ ಬೇಡ, ಬಗ್ಗಿದರೆ ಬಾವಿಗೋ ಚರಂಡಿಗೋ ಹೋಗುತ್ತದೆ. ಪಂಚೆ, ಸೀರೆ, ಜೇಬಿಲ್ಲದ ಕುರ್ತಾ ಉಡುವವರಿಗೆ ಕೀಲಿಗೊಂಚಲಿಗೆ ಸಿಕ್ಕಿಸುವ 58 ಮಿ.ಮೀ. ಗಾತ್ರವೇ ಸರಿ. ವ್ಯಾನಿಟಿ ಬ್ಯಾಗಿನ ತಳದಲ್ಲಿ ಹುಡುಕಬೇಕಾದ ಚಾಕುವನ್ನು ಯಾರೂ ಬಳಸುವುದಿಲ್ಲ.

## ಹಂತ 4: ಕತ್ತರಿಯೋ, ಇಕ್ಕಳವೋ ತೀರ್ಮಾನಿಸಿ

ಆಯ್ಕೆಯ ದಾರಿ ಎರಡಾಗುವುದು ಇಲ್ಲಿ. ಬೇರೆ ಯಾವ ಉಪಕರಣದ ವಿಷಯದಲ್ಲೂ ಇಷ್ಟು ಯೋಚಿಸಬೇಕಾಗಿಲ್ಲ.

ಇಕ್ಕಳದ ಸುತ್ತ ಕಟ್ಟಿದ ಮಲ್ಟಿಟೂಲ್ ಭಾರ. ಅದರ ಎರಡು ಹಿಡಿಗಳೇ ಇಕ್ಕಳದ ಕೈಗಳು, ಆ ಒತ್ತಡ ತಡೆಯಲು ದಪ್ಪ ಉಕ್ಕು ಬೇಕೇ ಬೇಕು. ವೈರು ಬಗ್ಗಿಸುವುದು, ಸಿಕ್ಕಿಕೊಂಡ ಮೊಳೆ ಎಳೆಯುವುದು, ಬಿಸಿ ತಗಡು ಹಿಡಿಯುವುದು, ಸಡಿಲವಾದ ನಟ್ಟು ತಿರುಗಿಸುವುದು ವಾರಕ್ಕೆ ಮೂರು ನಾಲ್ಕು ಸಲ ಇದ್ದರೆ ಆ ಭಾರಕ್ಕೆ ಅರ್ಥವಿದೆ. ಪಂಪ್‌ಸೆಟ್ ನೋಡಿಕೊಳ್ಳುವವರಿಗೆ, ಕೇಬಲ್, ಸಿಸಿಟಿವಿ ಕೆಲಸದವರಿಗೆ, ದೂರದ ಬೈಕ್ ಪ್ರಯಾಣದವರಿಗೆ ಇದು ಸರಿ. ಅದೂ ಜೇಬಿನಲ್ಲಿ ಇಡುವುದು ಕಷ್ಟ, ಬೆಲ್ಟಿನ ಚೀಲದಲ್ಲಿ ಇರಬೇಕು. ಬೆಲ್ಟಿಗೆ ಚೀಲ ಸಿಕ್ಕಿಸಿಕೊಂಡು ಓಡಾಡಲು ಮನಸ್ಸಿಲ್ಲದವರು ಇಕ್ಕಳದ ಆಸೆ ಈಗಲೇ ಬಿಡುವುದು ಒಳ್ಳೆಯದು.

ಉಳಿದ ಹೆಚ್ಚಿನವರಿಗೆ ಕತ್ತರಿ ಇರುವ ಸ್ವಿಸ್ ಮಾದರಿಯ (ವಿಕ್ಟೋರಿನಾಕ್ಸ್‌ನಂಥ) ಚಾಕುವೇ ಸರಿ. ನಿಮ್ಮ ಚೀಟಿ ತೆಗೆದು ನೋಡಿ, ಅಲಗಿಗಿಂತ ಕತ್ತರಿ ಕೆಲಸವೇ ಹೆಚ್ಚಿರುತ್ತದೆ: ಸ್ಯಾಷೆ, ದಾರ, ಮಾತ್ರೆಯ ಸ್ಟ್ರಿಪ್ಪು, ಬ್ಯಾಂಡೇಜು, ಉಗುರು. ಇನ್ನೂ ಒಂದು ಲಾಭ ಇದೆ. ಆಫೀಸಿನಲ್ಲಿ ಅಲಗು ತೆರೆದರೆ ಪಕ್ಕದವರು ತಿರುಗಿ ನೋಡುತ್ತಾರೆ, ಕತ್ತರಿ ತೆರೆದರೆ ಯಾರೂ ಗಮನಿಸುವುದಿಲ್ಲ.

ಸಾಮಾನ್ಯ ತಪ್ಪು: ಎರಡೂ ಇರಲಿ ಅಂತ ಸ್ವಿಸ್ ಚಾಕುವಿನೊಳಗೇ ಸಣ್ಣ ಇಕ್ಕಳ ಇರುವ ಮಾದರಿ ಕೊಂಡು, ಅದರಲ್ಲಿ ನಟ್ಟು ಬಿಗಿಯಲು ಹೋಗುವುದು. ಡಿಲಕ್ಸ್ ಟಿಂಕರ್‌ನಂಥದರಲ್ಲಿ ಇರುವ ಇಕ್ಕಳ ಸಣ್ಣ ತಂತಿ, ಜಿಪ್ಪು, ಸರದ ಕೊಂಡಿಯಂಥ ನಾಜೂಕು ಕೆಲಸಕ್ಕೆ. ಒತ್ತಿ ತಿರುಗಿಸಿದರೆ ಮೂತಿ ತಿರುಚುತ್ತದೆ.

## ಹಂತ 5: ಉಳಿದ ಉಪಕರಣಗಳನ್ನು ಸೋಸಿ

ಈಗ ಪಟ್ಟಿ ನೋಡಿ. ಚೀಟಿಯಲ್ಲಿ ಎರಡು ಸಲವಾದರೂ ಬಂದ ಕೆಲಸಕ್ಕೆ ಮಾತ್ರ ಜಾಗ ಕೊಡಿ.

ಸ್ಟಾರ್ ಸ್ಕ್ರೂಡ್ರೈವರ್ ಬಗ್ಗೆ ಎಚ್ಚರ ಇರಲಿ. ವಿಕ್ಟೋರಿನಾಕ್ಸ್‌ನ 91 ಮಿ.ಮೀ. ಸಾಲಿನಲ್ಲಿ ಬೆನ್ನಿನ ಭಾಗದ ಒಂದೇ ಜಾಗದಲ್ಲಿ ಬಾಟಲಿಯ ಬಿರಡೆ ಎಳೆಯುವ ಸುರುಳಿ ಇರುತ್ತದೆ ಅಥವಾ ಸ್ಟಾರ್ ಸ್ಕ್ರೂಡ್ರೈವರ್ ಇರುತ್ತದೆ. ಸ್ಪಾರ್ಟನ್, ಕ್ಲೈಂಬರ್, ಹಂಟ್ಸ್‌ಮನ್‌ನಲ್ಲಿ ಸುರುಳಿ. ಟಿಂಕರ್, ಸೂಪರ್ ಟಿಂಕರ್, ಫೀಲ್ಡ್‌ಮಾಸ್ಟರ್‌ನಲ್ಲಿ ಸ್ಟಾರ್. ನಮ್ಮ ಮನೆಗಳಲ್ಲಿ ಬಿರಡೆ ಬಾಟಲಿ ಎಷ್ಟು ತೆರೆಯುತ್ತೀರಿ, ಸ್ಟಾರ್ ಸ್ಕ್ರೂ ಎಷ್ಟು ತಿರುಗಿಸುತ್ತೀರಿ ನೋಡಿಕೊಳ್ಳಿ. ನನ್ನ ಮಟ್ಟಿಗೆ ಸ್ಟಾರ್ ಇರುವುದೇ ಮೇಲು. ಅದು ಹಿಡಿಗೆ ಅಡ್ಡವಾಗಿ ತೆರೆಯುವುದರಿಂದ ಮುಷ್ಟಿಯಲ್ಲಿ ಹಿಡಿದು ಒತ್ತಿ ತಿರುಗಿಸಬಹುದು. ಕನ್ನಡಕ ಹಾಕುವವರಿಗೆ ಮಾತ್ರ ಸುರುಳಿಯಿಂದ ಒಂದು ಉಪಯೋಗ ಇದೆ: ಅದರೊಳಗೆ ತಿರುಗಿಸಿ ಕೂರಿಸುವ ಪುಟ್ಟ ಸ್ಕ್ರೂಡ್ರೈವರ್ ಸಿಗುತ್ತದೆ.

ಎರಡು ಅಲಗು ದಂಡ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ದೊಡ್ಡದನ್ನು ಹಣ್ಣಿಗೆ ಮೀಸಲಿಡಿ, ಟೇಪು, ರಟ್ಟು, ಗೋಣಿಗೆ ಸಣ್ಣದು. ಟೇಪಿನ ಅಂಟು ಮೆತ್ತಿದ ಅಲಗಿನಲ್ಲಿ ಮಾವಿನಹಣ್ಣು ಕೊಯ್ಯುವುದು ಯಾರಿಗೂ ಇಷ್ಟವಾಗುವುದಿಲ್ಲ.

ಗರಗಸ ತೋಟದವರಿಗೆ ಬೇಕು, ಹೆಬ್ಬೆರಳು ದಪ್ಪದ ಕೊಂಬೆ ಸಲೀಸಾಗಿ ಕೊಯ್ಯುತ್ತದೆ. ದಬ್ಬಳದಂಥ ಚೂಪು ಗೋಣಿ, ಬೆಲ್ಟು, ಚಪ್ಪಲಿಗೆ ತೂತು ಹಾಕಲು ಬರುತ್ತದೆ. ಚಿಮ್ಮಟ ಎಲ್ಲರಿಗೂ ಇರಲಿ, ಮುಳ್ಳು ಯಾರನ್ನೂ ಬಿಡುವುದಿಲ್ಲ. ಭೂತಗನ್ನಡಿ, ಮೀನಿನ ಹುರುಪೆ ತೆಗೆಯುವುದು, ಉಳಿ ಇವೆಲ್ಲ ಚೀಟಿಯಲ್ಲಿ ಬಂದಿಲ್ಲದಿದ್ದರೆ ಸುಮ್ನೆ ತೂಕ.

ಇಷ್ಟು ಮಾಡಿದರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಸ್ಕ್ಯಾನರ್ ದಾಟುವ ಆಫೀಸಿನವರಿಗೆ ಕ್ಲಾಸಿಕ್ ಎಸ್‌ಡಿ, ಸ್ಟಾರ್ ಬೇಕಾದರೆ ಅದೇ ಗಾತ್ರದ ರ್‍ಯಾಂಬ್ಲರ್. ಸಾಮಾನ್ಯ ದಿನಬಳಕೆಗೆ ಸೂಪರ್ ಟಿಂಕರ್. ತೋಟಕ್ಕೆ ಫೀಲ್ಡ್‌ಮಾಸ್ಟರ್. ರಿಪೇರಿ ಕೆಲಸಕ್ಕೆ ಇಕ್ಕಳದ ಮಲ್ಟಿಟೂಲ್. ಬೇರೆ ಬ್ರ್ಯಾಂಡಾದರೂ ಚಿಂತೆಯಿಲ್ಲ, ಇದೇ ಅಳತೆಯಲ್ಲಿ ಹುಡುಕಿ.

## ಹಂತ 6: ಲಾಕ್ ಬೇಕೇ ನೋಡಿ

ಸಣ್ಣ ಸ್ವಿಸ್ ಚಾಕುಗಳಲ್ಲಿ ಲಾಕ್ ಇರುವುದಿಲ್ಲ. ಬೆನ್ನಿನ ಸ್ಪ್ರಿಂಗು ಮಾತ್ರ ಅಲಗನ್ನು ಹಿಡಿದಿರುತ್ತದೆ. ಹಣ್ಣು, ಟೇಪು, ಹಗ್ಗಕ್ಕೆ ಅಷ್ಟು ಸಾಕು. ಆದರೆ ಅಲಗಿನ ಬೆನ್ನಿಗೆ ಒತ್ತಡ ಬಿದ್ದರೆ ಅದು ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ. ಆದ್ದರಿಂದ ಲಾಕ್ ಇಲ್ಲದ ಚಾಕುವಿನಿಂದ ಚುಚ್ಚಬೇಡಿ, ಮೀಟಬೇಡಿ. ಎಣ್ಣೆ ಡಬ್ಬಿಗೆ ತೂತು ಹಾಕಲು ಅಲಗಿನ ತುದಿ ಬಳಸಿ ಬೆರಳು ಕುಯ್ದುಕೊಂಡವರು ಬೇಕಾದಷ್ಟು ಜನ. ಅದಕ್ಕೆ ದಬ್ಬಳದ ಚೂಪು ಇದೆ, ಅದನ್ನೂ ಒತ್ತುವ ದಿಕ್ಕು ನೋಡಿ ಬಳಸಿ.

ಒದ್ದೆ ಕೈಯಲ್ಲಿ, ಬಲ ಹಾಕಿ ಕೊಯ್ಯುವ ಕೆಲಸ ಹೆಚ್ಚಿದ್ದರೆ ಲಾಕ್ ಇರುವ 111 ಮಿ.ಮೀ. ಗಾತ್ರಕ್ಕೆ ಹೋಗಿ. ಎಡಗೈಯವರು ಲಾಕ್ ಬಿಡಿಸುವ ಪಟ್ಟಿ ಯಾವ ಕಡೆಗಿದೆ ಅಂತ ಅಂಗಡಿಯಲ್ಲೇ ನೋಡಿ. ಕೆಲವು ಎಡಗೈಗೆ ಸಿಗುವುದೇ ಇಲ್ಲ.

## ಹಂತ 7: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಅಂಗಡಿಯಲ್ಲಾದರೆ ಕೊಳ್ಳುವ ಮೊದಲು, ಆನ್‌ಲೈನಾದರೆ ಪಾರ್ಸೆಲ್ ಬಂದ ದಿನವೇ, ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಮಾಡಿ.

ಮೊದಲು ಪ್ರತಿ ಉಪಕರಣವನ್ನೂ ಉಗುರಿನಿಂದ ತೆರೆಯಿರಿ. ಮುಕ್ಕಾಲು ಭಾಗ ತೆರೆದ ಮೇಲೆ ಸ್ಪ್ರಿಂಗು ತಾನಾಗಿ ಎಳೆದುಕೊಂಡು "ಟಕ್" ಅನ್ನಬೇಕು. ಮುಚ್ಚುವಾಗಲೂ ಅದೇ ಸದ್ದು. ಸದ್ದಿಲ್ಲದೆ ಮೆತ್ತಗೆ ಕೂತರೆ ಸ್ಪ್ರಿಂಗು ಸೋತಿದೆ. ಉಗುರು ಮುರಿಯುವಷ್ಟು ಬಿಗಿಯಾಗಿದ್ದರೆ ಮಳೆಗಾಲದಲ್ಲಿ, ಒದ್ದೆ ಬೆರಳಲ್ಲಿ ನೀವದನ್ನು ತೆರೆಯುವುದೇ ಇಲ್ಲ.

ಅಲಗು ತೆರೆದು ತುದಿಯನ್ನು ಎರಡು ಬೆರಳಲ್ಲಿ ಚಪ್ಪಟೆ ಮೈ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಕಣ್ಣಿಗೆ ಕಾಣುವಷ್ಟು ಅಲುಗಿದರೆ ಬೇಡ. ಮಡಚಿ ಕಿಟಕಿಯ ಬೆಳಕಿಗೆ ಹಿಡಿದು ಪದರಗಳ ನಡುವೆ ನೋಡಿ. ಒಂದೇ ಸಮ ತೆಳು ಗೆರೆ ಇರಬೇಕು. ಒಂದು ಕಡೆ ಅಗಲ, ಒಂದು ಕಡೆ ಮುಚ್ಚಿಕೊಂಡಿದ್ದರೆ ಜೋಡಣೆ ಸರಿಯಿಲ್ಲ.

ಕತ್ತರಿಯ ಪರೀಕ್ಷೆ ಬಹಳ ಮುಖ್ಯ. ತಂದಿರುವ ಹಾಲಿನ ಪ್ಯಾಕೆಟ್ಟನ್ನು ಕತ್ತರಿಯ ಬುಡದಿಂದ ಬೇಡ, ಬರೀ ತುದಿಯಿಂದ ಕತ್ತರಿಸಿ. ಒಳ್ಳೆಯದಾದರೆ ಕೊನೆಯ ಎರಡು ಮಿ.ಮೀ.ವರೆಗೂ ಕಚ್ಚುತ್ತದೆ. ಕೆಟ್ಟದ್ದು ಪ್ಲಾಸ್ಟಿಕ್ಕನ್ನು ಕತ್ತರಿಸದೆ ಮಡಚಿ ನುಂಗುತ್ತದೆ. ಅಲಗಿಗೆ ಹಾಳೆ ಸಾಕು: ಗಾಳಿಯಲ್ಲಿ ಹಿಡಿದ ಹಾಳೆಯನ್ನು ಹರಿಯದೆ ಸೀಳಬೇಕು. ಸ್ಟಾರ್ ಸ್ಕ್ರೂಡ್ರೈವರನ್ನು ಸ್ಕ್ರೂ ಮೇಲೆ ಕೂರಿಸಿ ತಿರುಗಿಸಿ, ಜಾರಬಾರದು.

## ಹಂತ 8: ನಕಲಿಯನ್ನು ದೂರ ಇಡಿ

ಕೆಂಪು ಹಿಡಿ, ಬಿಳಿ ಶಿಲುಬೆ, "11 ಇನ್ 1" ಅನ್ನುವ ಡಬ್ಬಿ ಫುಟ್‌ಪಾತಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅಪಾಯ ಇರುವುದು ಮೆತ್ತನೆ ಉಕ್ಕಿನಲ್ಲಿ ಮತ್ತು ಸಡಿಲ ಸ್ಪ್ರಿಂಗಿನಲ್ಲಿ. ಅಂಥ ಅಲಗು ಬೇಗ ಮೊಂಡಾಗುತ್ತದೆ, ಮೊಂಡು ಅಲಗಿಗೆ ಹೆಚ್ಚು ಬಲ ಹಾಕುತ್ತೀರಿ, ಆಗ ಅದು ಕೈಮೇಲೆ ಮಡಚಿಕೊಳ್ಳುತ್ತದೆ.

ದೊಡ್ಡ ಅಲಗಿನ ಬುಡದಲ್ಲಿ ತಯಾರಕರ ಹೆಸರು ಚೊಕ್ಕವಾಗಿ ಒತ್ತಿರಬೇಕು. ಉಜ್ಜಿದರೆ ಹೋಗುವ ಬರಹವಾದರೆ ವಾಪಸ್ ಕಳಿಸಿ. ವಿದೇಶಿ ಮಾಲಿನ ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಅದನ್ನು ಕೇಳುತ್ತದೆ. ಆ ಚೀಟಿಯೇ ಇಲ್ಲ ಅಂದರೆ ವಾರಂಟಿಯ ಆಸೆ ಬಿಡಿ. ಅರ್ಧ ಬೆಲೆಗೆ ಹೊಸದು ಅಂದರೂ ಅನುಮಾನಪಡಿ. ಬಿಲ್ಲನ್ನು ಫೋಟೋ ತೆಗೆದಿಡಿ, ಕಾಗದ ಮಾಸಿಹೋಗುತ್ತದೆ. ಲೆದರ್‌ಮನ್ 25 ವರ್ಷದ ವಾರಂಟಿ ಕೊಡುತ್ತದೆ. ವಿಕ್ಟೋರಿನಾಕ್ಸ್ ವಸ್ತು ಮತ್ತು ತಯಾರಿಕೆಯ ದೋಷಕ್ಕೆ ಜೀವಮಾನದ ವಾರಂಟಿ ಕೊಡುತ್ತದೆ. ಸವೆತ, ದುರ್ಬಳಕೆ ಅದರಲ್ಲಿ ಸೇರುವುದಿಲ್ಲ.

## ಹಂತ 9: ಮೊದಲ ತಿಂಗಳು ಹೀಗೆ ನೋಡಿಕೊಳ್ಳಿ

ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂತಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ, ನಿಂಬೆ, ಮಾವಿನ ಹುಳಿ ಮೆತ್ತಿದ ಮೇಲೆ ಅಲಗಿಗೆ ಚುಕ್ಕೆ ಬರುತ್ತದೆ. ಹಣ್ಣು ಕೊಯ್ದ ಮೇಲೆ ತೊಳೆದು, ಒರೆಸಿ, ತೆರೆದಿಟ್ಟು ಒಣಗಿಸಿ, ಆಮೇಲೆ ಮಡಚಿ.

ಎಣ್ಣೆ ಹಾಕುವಾಗ ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಪ್ರತಿ ಕೀಲಿಗೆ ಬಿಡಿ, ಹಣ್ಣು ಕೊಯ್ಯುವ ಅಲಗಿಗೂ ಅಡ್ಡಿಯಿಲ್ಲ. ಹಲಸು ಬಿಡಿಸುವಾಗ ಮಾತ್ರ ಅಲಗಿಗೆ ಅಡುಗೆ ಎಣ್ಣೆ ಸವರಿ, ಅಂಟು ಹಿಡಿಯುವುದಿಲ್ಲ. ಆದರೆ ಆ ಅಂಟು ಕೀಲಿಗೆ ಇಳಿದರೆ ಉಪಕರಣ ಕಚ್ಚಿಕೊಳ್ಳುತ್ತದೆ, ಅದೇ ದಿನ ಎಣ್ಣೆಬಟ್ಟೆಯಿಂದ ಒರೆಸಿ, ಬಿಸಿನೀರು ಸೋಪಿನಲ್ಲಿ ತೊಳೆಯಿರಿ.

ಸಾಣೆಗೆ ಬೀದಿಯಲ್ಲಿ ಬರುವ ಚಕ್ರಕ್ಕೆ ಕೊಡಬೇಡಿ. ಕುಡುಗೋಲು, ಈಳಿಗೆಮಣೆಗೆ ಅದು ಸರಿ, ಈ ತೆಳು ಅಲಗು ಆ ಬಿಸಿಗೆ ಹದ ಕಳೆದುಕೊಳ್ಳುತ್ತದೆ. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಆ ಭಾಗ ಇನ್ನು ಹರಿತ ನಿಲ್ಲಿಸುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಲ್ಲು ತಂದು, ನಯವಾದ ಮುಖದ ಮೇಲೆ ಪ್ರತಿ ಬದಿ 15ರಿಂದ 20 ಡಿಗ್ರಿ ಓರೆಯಲ್ಲಿ ನಿಧಾನ ಎಳೆಯಿರಿ. ವಿಕ್ಟೋರಿನಾಕ್ಸ್ ಉಕ್ಕು ತೀರಾ ಗಟ್ಟಿಯೇನಲ್ಲ, ಬೇಗ ಹರಿತಕ್ಕೆ ಬರುತ್ತದೆ.

ಸ್ವಿಚ್‌ಬೋರ್ಡ್ ಮುಟ್ಟುವ ಮೊದಲು ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ. ಪ್ಲಾಸ್ಟಿಕ್ ಹಿಡಿ ಕಂಡು ಮೋಸ ಹೋಗಬೇಡಿ. ಅದರೊಳಗೆ ಲೋಹದ ಪದರ ಇದೆ, ಬೆನ್ನಿನ ಸ್ಪ್ರಿಂಗು ನಿಮ್ಮ ಅಂಗೈಗೇ ತಾಗುತ್ತಿರುತ್ತದೆ. ಯಾವ ಜೇಬಿನ ಮಲ್ಟಿಟೂಲನ್ನೂ ಕರೆಂಟು ತಡೆಯುತ್ತದೆ ಅಂತ ನಂಬಬೇಡಿ.

ಅಲಗು ಮೊದಲಿಗಿಂತ ಜಾಸ್ತಿ ಅಲುಗುತ್ತಿದೆ, ಅರ್ಧಕ್ಕೇ ನಿಲ್ಲುತ್ತಿದೆ, ಮಡಚಿದಾಗ ಅಂಚು ಹಿಡಿಯಿಂದ ಹೊರಗೆ ಇಣುಕುತ್ತಿದೆ, ಲಾಕ್ ಬೆರಳ ಒತ್ತಡಕ್ಕೇ ಜಾರುತ್ತಿದೆ. ಇವುಗಳಲ್ಲಿ ಒಂದು ಕಂಡರೂ ಜೇಬಿನಿಂದ ತೆಗೆಯಿರಿ. ಮೊದಲು ತೊಳೆದು ಎಣ್ಣೆ ಹಾಕಿ ನೋಡಿ, ಎಷ್ಟೋ ಸಲ ಒಳಗೆ ಸೇರಿದ ಜೇಬಿನ ನೂಲೇ ಕಾರಣ. ಕತ್ತರಿಯ ಪುಟ್ಟ ಸ್ಪ್ರಿಂಗು ಮುರಿದಿದ್ದರೆ ಬಿಡಿಯಾಗಿ ಸಿಗುತ್ತದೆ, ಮನೆಯಲ್ಲೇ ಹಾಕಬಹುದು. ಅಷ್ಟಕ್ಕೂ ಸರಿಹೋಗದಿದ್ದರೆ ಸುತ್ತಿಗೆಯಿಂದ ರಿವೆಟ್ ಬಡಿಯಲು ಹೋಗಬೇಡಿ, ಬಿಲ್ಲಿನ ಫೋಟೋ ಜೊತೆಗೆ ಸರ್ವಿಸ್ ಸೆಂಟರಿಗೆ ಕಳಿಸಿ.